ಹೊರಗಿನ ಚಿಲಕ

ಹೈಸ್ಕೂಲಿನ ಹುಡುಗಿಯರ ಶೌಚಾಲಯಕ್ಕೆ ಒಳಗಡೆ ಚಿಲಕ ಇರಲಿಲ್ಲ. ಹೊರಗಡೆ ಇತ್ತು. ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಹೊರಗೆ ಬಾಗಿಲು ಹಿಡಿದು ನಿಲ್ಲಬೇಕು. ಶುಕ್ರವಾರ ಬಡಗಿಯ ಮಗಳು ಒಬ್ಬಳೇ ಹೋದಳು. ಯಾರೋ ಹೊರಗಿನಿಂದ ಚಿಲಕ ಜಡಿದು ಓಡಿದರು. ಗಣಿತ, ಸಮಾಜ ಎರಡೂ ಪೀರಿಯಡ್ಡು ಅವಳು ಒಳಗೇ ನಿಂತಿದ್ದಳು.

ಸೋಮವಾರ ಬಡಗಿ ಕೆಲಸಕ್ಕೆ ಹೋಗುವ ದಾರಿಯಲ್ಲೇ, ಹತಾರದ ಚೀಲ ಹೆಗಲಿಗೇರಿಸಿಕೊಂಡು ಸ್ಕೂಲಿಗೆ ಬಂದ. ಹಿಂದೆ ಮಗಳು.

"ಇವಳ ಟಿಸಿ ಕೊಡಿ ಸಾರ್. ಇನ್ನು ಕಳಿಸಲ್ಲ ಅಂತ ಇವಳಮ್ಮ ಹಟ ಹಿಡಿದು ಕೂತಿದ್ದಾಳೆ."

"ಇವಳೂ ಹೊರಟಳಾ?" ಹೆಡ್ ಮಾಸ್ಟರು ಡ್ರಾಯರ್ ಎಳೆದರು. ಟಿಸಿ ಪುಸ್ತಕ ಮೇಲೇ ಇತ್ತು.

"ನಂಗೆ ಟಿಸಿ ಬೇಡಪ್ಪ, ಚಿಲಕ ಬೇಕು," ಅಂದಳು ಮಗಳು. "ಯಾವನೋ ಪುಣ್ಯಾತ್ಮ ಹೊರಗಡೆ ಹಾಕಿ ಹೋಗಿದ್ದಾನೆ. ಒಳಗಿರೋರು ತಪ್ಪಿಸ್ಕೊಂಡು ಓಡ್ತಾರೆ ಅಂದ್ಕೊಂಡನೋ ಏನೋ! ಬಾ, ನೀನೇ ನೋಡು. ನಕ್ಕು ನಕ್ಕು ಸಾಯ್ತೀಯ."

ಬಡಗಿ ಹೋಗಿ ನೋಡಿದ; ಟಿಸಿ ಪುಸ್ತಕ ಹಿಡಿದೇ ಹೆಡ್ ಮಾಸ್ಟರೂ ಹಿಂದೆ ಬಂದರು. ಬಡಗಿ ನಗಲಿಲ್ಲ. ನಾಲ್ಕು ಸ್ಕ್ರೂಗಳ ತಲೆಯ ಗೀರೂ ಒಂದೇ ದಿಕ್ಕಿಗೆ, ನೆಟ್ಟಗೆ ನಿಂತಿದ್ದವು. ಊರಿನಲ್ಲಿ ಹಾಗೆ ಮುಗಿಸುವವನು ಒಬ್ಬನೇ. ಎರಡು ವರ್ಷದ ಹಿಂದೆ, ಬೇಸಿಗೆ ರಜೆಯಲ್ಲಿ, ಮುಚ್ಚಿದ ಬಾಗಿಲಿನ ಫೋಟೋ ಮೇಲಿನ ಆಫೀಸಿಗೆ ಹೋಗಬೇಕು, ಅದರಲ್ಲಿ ಚಿಲಕ ಕಾಣಬೇಕು ಅಂತ ಹೆಡ್ ಮಾಸ್ಟರು ಹೇಳಿದ್ದರು. ಅವನು 'ಆಗಲಿ ಸಾರ್' ಅಂದಿದ್ದ. ಫೋಟೋ ಚೆನ್ನಾಗಿ ಬಂದಿತ್ತು.

ಮಗಳು ಸ್ಕ್ರೂ ನೋಡಿದಳು, ಅಪ್ಪನ ಮುಖ ನೋಡಿದಳು. ಮನೆಯ ಬಾಗಿಲುಗಳಲ್ಲೂ ಗೀರು ಹೀಗೇ ನಿಂತಿರುತ್ತಿದ್ದವು.

"ಅಯ್ಯೋ ಅಪ್ಪ! ನೀನಾ?"

"ಬಾಯಿ ಮುಚ್ಕೊಂಡು ಸ್ಕ್ರೂಡ್ರೈವರ್ ಕೊಡೇ."

ಹತ್ತು ನಿಮಿಷದ ಕೆಲಸ. ಬಿಚ್ಚುವಾಗ ಒಂದು ಸ್ಕ್ರೂ ಹುಲ್ಲಿಗೆ ಬಿತ್ತು. ಉಳಿದ ಮೂರರಲ್ಲೇ ಚಿಲಕ ಒಳಗಡೆ ಕೂತಿತು. ಮಗಳು ಒಳಹೊಕ್ಕು ಜಡಿದು, "ತಳ್ಳು ನೋಡೋಣ!" ಎಂದು ಕೂಗಿದಳು. ಬಡಗಿ ಭುಜ ಕೊಟ್ಟು ತಳ್ಳಿದ. ಬಾಗಿಲು ಅಲ್ಲಾಡಲಿಲ್ಲ.

"ಮತ್ತೆ ಫೋಟೋ ಕೇಳಿದ್ರೆ ಏನಯ್ಯ ಮಾಡ್ಲಿ?" ಅಂದರು ಹೆಡ್ ಮಾಸ್ಟರು.

"ಒಳಗೆ ಹೋಗಿ ತೆಗೀರಿ ಸಾರ್." ಬಡಗಿ ಮಂಡಿಯೂರಿ ಹುಲ್ಲು ತಡಕತೊಡಗಿದ.

"ಒಂದು ತಾನೇ, ಹೋದ್ರೆ ಹೋಯ್ತು ಬಿಡು. ಟಿಸಿ ಬರೀಲಾ, ಬೇಡ್ವಾ?"

"ಬೇಡ. ಅವಳಮ್ಮನಿಗೆ ನಾನು ಹೇಳ್ಕೋತೀನಿ." ಅವನು ತಲೆ ಎತ್ತಲಿಲ್ಲ. "ಈ ಎರಡು ವರ್ಷದಲ್ಲಿ ಹುಡುಗೀರಿಗೆ ಎಷ್ಟು ಟಿಸಿ ಹೋಗಿದೆ ಸಾರ್?"

ಹೆಡ್ ಮಾಸ್ಟರು ಬೆರಳು ಒದ್ದೆ ಮಾಡಿಕೊಂಡು ಪುಸ್ತಕದಲ್ಲಿ ಉಳಿದಿದ್ದ ನಕಲು ಪ್ರತಿಗಳನ್ನು ಮಗುಚುತ್ತಾ ಎಣಿಸಿದರು.

ಸ್ಕ್ರೂ ಸಿಗಲಿಲ್ಲ. ಕಳೆದದ್ದು ಒಟ್ಟು ಇಷ್ಟು: ಒಂದು ಸ್ಕ್ರೂ, ಹನ್ನೊಂದು ಹುಡುಗಿಯರು.