ಅಕ್ಕನಿಗೆ ತೋರಿಸಬೇಕಾದ ಮೀನು

ಒಂದಾನೊಂದು ಗಾಜಿನ ತೊಟ್ಟಿಯ ಊರಿನಲ್ಲಿ ಪುಕ್ಕಲು ನೀಲಿ ಮೀನೊಂದಿತ್ತು. ಕಲ್ಲಿನ ಹಿಂದಿನಿಂದ ಅದರ ಬಾಲದ ತುದಿಯಷ್ಟೇ ಕಾಣುತ್ತಿತ್ತು. ವೈದ್ಯರು ಕೈಚೆಲ್ಲಿ ಮನೆಗೆ ಕಳಿಸಿದ್ದ ಅಕ್ಕ ಎದುರಿನ ಮಂಚದಿಂದ ಅದನ್ನೇ ನೋಡುತ್ತಿದ್ದಳು. "ಒಂದ್ಸಲ ಪೂರ್ತಿ ಮೀನು ನೋಡ್ಬೇಕು ಕಣೆ." "ತೋರಿಸ್ತೀನಿ ಅಕ್ಕಾ," ಎಂದು ತಂಗಿ ಮಾತು ಕೊಟ್ಟಳು.

ನೀರಿನ ಮೇಲ್ಭಾಗದಲ್ಲಿ ಧೈರ್ಯವಾಗಿ ಓಡಾಡುವ ಮೀನುಗಳಿದ್ದರೆ, ಅಪಾಯವಿಲ್ಲವೆಂದು ಪುಕ್ಕಲು ಮೀನಿಗೂ ನಂಬಿಕೆ ಬರುತ್ತದೆ ಎಂದ ಸಾಕುಮೀನಿನ ಅಂಗಡಿಯವನು. ತಂಗಿ ಹೊಳಪಿಗೆ ಮರುಳಾಗಿ ಕಡ್ಡಿಯಂಥ ಎಂಟು ಮರಿಗಳನ್ನು ತಂದಳು. ಬೆಳಗಾಗುವಷ್ಟರಲ್ಲಿ ಒಂದೂ ಉಳಿದಿರಲಿಲ್ಲ. "ಹೆದರಿಕೆ ಇದ್ರೂ ಹೊಟ್ಟೆಗೇನೂ ಕಮ್ಮಿ ಮಾಡ್ಕೊಂಡಿಲ್ಲ ನೋಡು," ಎಂದು ಅಕ್ಕ ನಕ್ಕಳು.

"ಅದರ ಬಾಯಿ ಎಷ್ಟಗಲ ಅಂತ ನೋಡ್ಬೇಡ್ವೇನಮ್ಮಾ?" ಎಂದು ಬೈದು ಅಂಗಡಿಯವನು ಬೆರಳುದ್ದದ ಆರು ಮೀನನ್ನು ನೀರು ತುಂಬಿದ ಚೀಲದಲ್ಲಿ ಹಾಕಿಕೊಟ್ಟ. ಚೀಲದ ನೀರು ತೊಟ್ಟಿಯ ನೀರಿನಷ್ಟು ಬೆಚ್ಚಗಾಗಲು ಚೀಲವನ್ನು ಅರ್ಧ ಗಂಟೆ ಅದರಲ್ಲೇ ತೇಲಬಿಡಬೇಕಿತ್ತು. ಅಕ್ಕನಿಗೆ ಆಗಲೇ ಏದುಸಿರು. ತಂಗಿ ತುಟಿ ಕಚ್ಚಿಕೊಂಡು ಕಾದಳು, ಆಮೇಲೆ ಚೀಲ ಬಿಚ್ಚಿದಳು. ಆರೂ ಮೀನುಗಳು ಮೇಲೆಲ್ಲ ಗಿರಕಿ ಹೊಡೆದವು. ಸ್ವಲ್ಪ ಹೊತ್ತಿಗೆ ನೀಲಿ ಮೀನು ಇಡಿಯಾಗಿ ಹೊರಬಂತು.

"ಅಕ್ಕಾ, ಬಂತು ಕಣೇ!"

ಅಕ್ಕನ ಕಣ್ಣುಗಳು ತೆರೆದೇ ಇದ್ದವು, ಉಸಿರಿರಲಿಲ್ಲ. ತಂಗಿ ಆ ತಲೆಯನ್ನು ಎರಡೂ ಕೈಗಳಲ್ಲಿ ಎತ್ತಿ, ಗಾಜಿನ ಕಡೆ ತಿರುಗಿಸಿ, ಮೀನನ್ನು ತೋರಿಸಿದಳು.