ತಮ್ಮನ ಕಲ್ಲು

ಹಳೆಯ ಪುಸ್ತಕದೊಳಗಿನ ಒಣಬೇವಿನ ವಾಸನೆ ಬಂದರೆ ಇಂದಿಗೂ ನನಗೆ ಭಾಲ್ಕಿಯ ಆ ಮಧ್ಯಾಹ್ನ ನೆನಪಾಗುತ್ತದೆ.

ಹಾಲು ಕುಡಿಯುವ ತಮ್ಮ ಕಾಲರಾದಿಂದ ತೀರಿಕೊಂಡು ಮೂರು ದಿನವಾಗಿತ್ತು. ಮಿಷನ್ನಿನ ಉಪದೇಶಕನಾಗಿದ್ದ ಅಪ್ಪ, ಬೀದರಿನಿಂದ ಬಂದ ಪಾದ್ರಿಯವರೊಡನೆ ಪಡಸಾಲೆಯಲ್ಲಿ ಕೂತು, ಸಮಾಧಿಯ ಕಲ್ಲಿಗೆ ಬೇಕಾದ ಬೈಬಲ್ ವಾಕ್ಯವನ್ನು ಕನ್ನಡಕ್ಕಿಳಿಸಿ ಬರೆಯುತ್ತಿದ್ದ. ಲೋಕ ಬಿಟ್ಟು ದೇವರ ಬಳಿ ಹೋಗುವುದು ಒಳ್ಳೆಯದು ಎಂಬ ಅರ್ಥದ ವಾಕ್ಯ ಅದು.

ಪಾದ್ರಿ ತಮ್ಮ ಗ್ರೀಕ್ ಪುಸ್ತಕದಲ್ಲಿದ್ದ ಬೇವಿನೆಲೆಗಳನ್ನು ಸರಿಸಿ ಬೆರಳಿಟ್ಟರು. "ಒಳ್ಳೆಯದು ಎಂದರೆ ಸಾಲದು. ಮೂಲದಲ್ಲಿರುವುದು ಹೋಲಿಸಿ ಹೇಳುವ ಪದ. ಹೆಚ್ಚು ಒಳ್ಳೆಯದು, ಇನ್ನೂ ಒಳ್ಳೆಯದು ಎಂದು ಅರ್ಥ."

ಅಪ್ಪನ ಕೈ ನಿಂತಿತು. "ನಮ್ಮ ಮಂದಿಗಿ ಅಷ್ಟೇ ಅಂದ್ರ ತಿಳ್ಯಂಗಿಲ್ರಿ ಸಾಹೇಬ್ರ. ಯಾವದಕ್ಕಿಂತ ಒಳ್ಳೇದು ಅಂತ ಹೇಳಬೇಕಾಗ್ತದ."

ಒಲೆಯ ಮುಂದೆ ಕೂತಿದ್ದ ಅವ್ವ ಮೂರು ದಿನದಿಂದ ಮಾತಾಡಿರಲಿಲ್ಲ. ಅವಳ ಕುಪ್ಪಸ ಎದೆಹಾಲಿನಿಂದ ಮತ್ತೆ ಒದ್ದೆಯಾಗಿತ್ತು.

"ಅವ್ವನ ಉಡಿಗಿಂತ ಅಂತ ಬರೀರಿ," ಎಂದಳು.

ಪಾದ್ರಿ ಬೇವಿನೆಲೆಗಳನ್ನು ಮೊದಲಿನ ಹಾಗೆಯೇ ಇಟ್ಟು ಪುಸ್ತಕ ಮುಚ್ಚಿದರು. ಅಪ್ಪ ಹಾಳೆಯನ್ನು ಮಡಿಸುತ್ತಲೇ ಇದ್ದ, ಇನ್ನು ಮಡಿಸಲು ಬಾರದಷ್ಟು ಸಣ್ಣದಾಗುವ ತನಕ.

ತಮ್ಮನ ಕಲ್ಲಿನ ಮೇಲೆ ಕೊರೆದದ್ದು ಹೆಸರೊಂದೇ.