ಹೆಬ್ಬಾವಿನ ಮರಿಗಳು

“ಗಂಡಿನ ಗಾಳಿಯೂ ಸೋಕದೆ ಈ ಹೆಬ್ಬಾವಿಗೆ ಮರಿ ಆಯ್ತಂತೆ. ನಿಮ್ಮಮ್ಮನೂ ಊರಿಗೆ ಹೀಗೇ ಹೇಳಿದ್ದಳೇನೋ?”

ಪ್ರೊಫೆಸರ್ ಹಾಗೆಂದಾಗ ವಿದ್ಯಾರ್ಥಿಗಳೆಲ್ಲ ನಕ್ಕರು. ಹಾವುಗಳನ್ನು ಸಾಕುವ ಆ ಯುವಕನಿಗೆ ಅಪ್ಪ ಯಾರೆಂದು ಗೊತ್ತಿಲ್ಲ ಎಂಬುದು ಸಂಶೋಧನಾ ಕೇಂದ್ರದಲ್ಲಿ ಎಲ್ಲರಿಗೂ ಗೊತ್ತಿತ್ತು.

“ನಮ್ಮವ್ವನ ಸುದ್ದಿ ಬ್ಯಾಡ ಸಾರ್. ಮರಿಯಿಂದ ಇದನ್ನ ಒಂಟಿಯಾಗೇ ಸಾಕಿದೀನಿ. ಗಂಡು ಹಾವನ್ನ ಒಳಕ್ಕೆ ಬಿಟ್ಟೇ ಇಲ್ಲ.”

“ಡಿಎನ್ಎ ಪರೀಕ್ಷೆ ಆಗಲಿ. ಅಪ್ಪ ಯಾವುದು ಅಂತ ಗೊತ್ತಾದ ದಿನವೇ ನಿನ್ನ ಕೆಲಸ ಹೋಯ್ತು ಅಂದ್ಕೋ.”

ಫಲಿತಾಂಶ ಬರುವವರೆಗೆ ಅವನು ನಿಂತಲ್ಲಿ ನಿಲ್ಲಲಿಲ್ಲ. ಪಂಜರದ ಬೀಗವನ್ನು ಮತ್ತೆ ಮತ್ತೆ ಎಳೆದು ನೋಡುತ್ತಿದ್ದ.

ಕೊನೆಗೊಂದು ಬೆಳಿಗ್ಗೆ ಪ್ರೊಫೆಸರ್ ಓಡುತ್ತಲೇ ಬಂದರು. ಹಿಂದೆ ಅದೇ ವಿದ್ಯಾರ್ಥಿಗಳು, ಜೊತೆಗೆ ಪತ್ರಿಕೆಯವರು.

“ಮರಿಗಳಿಗೆ ಅಪ್ಪನೇ ಇಲ್ಲ ಕಣೋ. ಗಂಡಿನ ಹಂಗಿಲ್ಲದೆ ತಾಯಿ ಒಬ್ಬಳೇ ಮರಿ ಮಾಡಿದ್ದಾಳೆ. ಎಂಥ ಮಹಾತಾಯಿ ನೋಡು.” ಅವರು ಪಂಜರದ ಗಾಜಿಗೆ ಕೈಮುಗಿದೇಬಿಟ್ಟರು. “ಬಾರೋ, ನೀನೂ ಫೋಟೋಗೆ ನಿಂತ್ಕೋ.”

ಅವನು ಬೀಗದ ಕೈಯನ್ನು ಆ ಮುಗಿದ ಕೈಗಳ ನಡುವೆ ತುರುಕಿ ಹೊರಟುಹೋದ.